ಏರಿನಲ್ಲಿ ಗಾಡಿಯಿಂದ ಇಳಿಯಬೇಡ

ದೇಲಂಪಾಡಿ
9-1-2024

ನನ್ನ ಮುದ್ದಿನ ಮೊಮ್ಮಗ ಭವಿತನಿಗೆ ಅಜ್ಜಿ ಅಕ್ಕು ಬರೆಯುವುದು.

ಹೇಗಿದ್ದೀ ಮಗಾ? ಆ ಎತ್ತರದಲ್ಲಿ ಉಸಿರು ಕಟ್ಟುವುದು ಕಡಿಮೆಯಾಯಿತಾ? ಬೆರಳು ಒಡೆದದ್ದು ವಾಸಿಯಾಯಿತಾ? ನಾನು ಕಳಿಸಿದ ತೆಂಗಿನೆಣ್ಣೆ ಲಡಾಕಿನಲ್ಲಿ ಕಲ್ಲಾಗಿದೆ ಎಂದು ಬರೆದಿದ್ದೀ. ಕಲ್ಲಾದರೆ ಒಲೆಯ ಹತ್ತಿರ ಇಟ್ಟು ಕರಗಿಸಬೇಕು, ಅದಕ್ಕೂ ನಾನೇ ರೈಲು ಹತ್ತಿ ಬರಬೇಕಾ? ಫೋಟೋ ಸಿಕ್ಕಿತು. ಮೂಗಿನ ಕೆಳಗೆ ಮಸಿ ತಾಗಿದೆ ಎಂದುಕೊಂಡು ಸೆರಗಿನಿಂದ ಒರೆಸಿದೆ, ಆಮೇಲೆ ನೋಡಿದರೆ ಮೀಸೆ. ಇಲ್ಲಿ ನಾವು ಇದ್ದೇವೆ. ನನ್ನ ಮೊಣಕಾಲು ಬೆಳಿಗ್ಗೆ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಅಮ್ಮ ದಮಯಂತಿ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಬರುತ್ತಾಳೆ. ಸಿಪ್ಪೆಯ ಎಣ್ಣೆ ತಾಗಿ ಅವಳ ಕೈ ಕಪ್ಪಾಗಿದೆ, ಕೇಳಿದರೆ "ಎಂತ ಇಲ್ಲ ಅತ್ತೆ" ಎನ್ನುತ್ತಾಳೆ. ಈ ಸಲ ಇಲ್ಲಿಯೂ ಚಳಿ ಉಂಟು. ನಿನ್ನ ಹಿಮದ ಮುಂದೆ ಇದೆಂತ ಚಳಿ ಎಂದು ನಗಬೇಡ. ಬೆಳಿಗ್ಗೆ ರಬ್ಬರ್ ಮರಗಳಿಂದ ಇಬ್ಬನಿ ಮಳೆ ಬಿದ್ದ ಹಾಗೆ ತೊಟ್ಟಿಕ್ಕುತ್ತದೆ.

ಇನ್ನು ನಿನ್ನ ಕಾಗದದ ವಿಷಯ. ಅಜ್ಜನ ಕಣ್ಣು ಈಗ ಪೂರಾ ಮಬ್ಬು, ಆದ್ದರಿಂದ ನಾನೇ ಓದಿ ಹೇಳಿದೆ. ನಾಲ್ಕನೇ ಕ್ಲಾಸಿನ ಓದು ನನ್ನದು, ನಿನ್ನ ಅಕ್ಷರವೋ ಕಾಗೆಕಾಲು ಗುಬ್ಬಿಕಾಲು, ಅಂತೂ ಓದಿದೆ. ಬೆಳಿಗ್ಗೆ ಚಳಿಗೆ ಮಿಲಿಟರಿ ಗಾಡಿಯ ಫೋರ್ ವೀಲ್ ಬೀಳುವುದಿಲ್ಲ, ಮುಂದಿನ ಚಕ್ರ ಎಳೆಯುವುದಿಲ್ಲ, ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗಿ ಜಾರುತ್ತದೆ, ಅಜ್ಜ ಜೀಪು ಓಡಿಸುವಾಗ ಎಂತ ಮಾಡುತ್ತಿದ್ದರು ಕೇಳಿ ಎಂದು ಬರೆದಿದ್ದೀ. ಅಲ್ಲಿ ಗಾಡಿ ನೋಡುವುದಕ್ಕೆ ಬೇಕಾದಷ್ಟು ಮೆಕ್ಯಾನಿಕರಿದ್ದಾರೆ, ನೀನು ಕೇಳಿದ್ದು ಮುದುಕನ ಸಂತೋಷಕ್ಕೆ ಎಂದು ನನಗೆ ಗೊತ್ತು. ಮಳೆಗಾಲದಿಂದ ಆ ಮನುಷ್ಯ ಬಾಯಿ ತೆರೆದದ್ದು ಕೆಮ್ಮುವುದಕ್ಕೆ ಮಾತ್ರ. ಕಾಗದ ಕೇಳಿದ್ದೇ ತಡ, ಗೋಡೆ ಹಿಡಿದು ಎದ್ದು ಕೂತರು. "ಹರಿನಾಥನ ಕಾಗದವಾ? ಎಲ್ಲಿ ಸಿಕ್ಕಿಬಿದ್ದಿದ್ದಾನೆ ಅವನು?" ಎಂದು ಕೇಳಿದರು. ನಿನ್ನ ಕಾಗದವನ್ನು ನಿನ್ನ ಅಪ್ಪನದು ಎಂದುಕೊಂಡಿದ್ದರು ಮಗಾ.

ನಿನ್ನ ಅಪ್ಪ ಹೋದಾಗ ನೀನು ಚಿಕ್ಕವ. ಆಕ್ಸಿಡೆಂಟ್ ಎಂದಷ್ಟೇ ನಿನಗೆ ಹೇಳಿದ್ದು, ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಕ್ಕಿಲ್ಲ. ಇಂಥದೇ ಚಳಿಯ ಒಂದು ಬೆಳಿಗ್ಗೆ ಹರಿನಾಥ ರಬ್ಬರ್ ಶೀಟು ತುಂಬಿಕೊಂಡು ಹೊರಟಿದ್ದ. ನಮ್ಮ ಮನೆಯ ಎದುರಿನ ಏರು ಆಗ ಬರೀ ಕೆಂಪು ಮಣ್ಣು, ಇಬ್ಬನಿಗೆ ಸಾಬೂನಿನ ಹಾಗೆ ಜಾರುತ್ತಿತ್ತು. ಅರ್ಧ ಏರಿದ ಮೇಲೆ ಫೋರ್ ವೀಲ್ ಬೀಳಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಇಡಲು ಇಳಿದ. ಬ್ರೇಕು ನಿಲ್ಲಲಿಲ್ಲ, ಜೀಪು ಹಿಂದಕ್ಕೆ ಬಂತು. ಅಷ್ಟೇ ಬರೆಯುತ್ತೇನೆ. ಈಗ ಪಂಚಾಯತಿನವರು ಅಲ್ಲಿ ಕಾಂಕ್ರೀಟು ಹಾಕಿದ್ದಾರೆ, ಸ್ಕೂಟರಿನಲ್ಲಿ ಹುಡುಗಿಯರು ಹಾಡು ಹೇಳಿಕೊಂಡು ಹತ್ತುತ್ತಾರೆ.

ಅಜ್ಜ "ಬರಿ ಅಕ್ಕು, ಒಂದು ಅಕ್ಷರ ಬಿಡಬೇಡ" ಎಂದರು. ಹಾಗಾಗಿ ಬಿಡದೆ ಬರೆಯುತ್ತೇನೆ. ಚಳಿಗೆ ಗೇರ್ ಆಯಿಲು ಜೇನಿನ ಹಾಗೆ ದಪ್ಪವಾಗುತ್ತದಂತೆ, ಎಂಜಿನ್ ಸ್ವಲ್ಪ ಹೊತ್ತು ನಿಂತಲ್ಲೇ ಓಡಬೇಕು. ಮುಂದಿನ ಚಕ್ರದ ಲಾಕನ್ನು ಕೈಯಲ್ಲಿ ತಿರುಗಿಸಿ ನೋಡಬೇಕು, ಕೆಸರು ಕೂತಿದ್ದರೆ ಅದು ಹಿಡಿಯುವುದಿಲ್ಲ. ಆಮೇಲೆ ಸಮ ಜಾಗದಲ್ಲಿ ಗಾಡಿಯನ್ನು ಮೆಲ್ಲ ಬಿಟ್ಟು, ಕ್ಲಚ್ ಒತ್ತಿ, ಫೋರ್ ವೀಲಿನ ಸಣ್ಣ ಲಿವರ್ ಎಳೆಯಬೇಕು. ಬೀಳದಿದ್ದರೆ ಗುದ್ದಬಾರದು, ಸ್ವಲ್ಪ ಹಿಂದೆ ಮುಂದೆ ಮಾಡಿದರೆ ತಾನಾಗಿ ಬೀಳುತ್ತದೆ. ಎಲ್ಲವನ್ನೂ ಏರಿನ ಬುಡದಲ್ಲಿಯೇ ಮಾಡಿಕೊಳ್ಳಬೇಕು, ಅರ್ಧಕ್ಕೆ ಹೋಗಿ ಲಿವರಿಗೆ ಕೈ ಹಾಕುವುದಲ್ಲ. ನಿನ್ನ ಗಾಡಿಯಲ್ಲಿ ಲಿವರೇ ಇಲ್ಲ, ಒಂದು ಗುಂಡಿ ತಿರುಗಿಸುವುದು ಎಂದು ರಜೆಯಲ್ಲಿ ಬಂದಾಗ ನೀನೇ ಹೇಳಿದ್ದೀ. ಅದನ್ನು ಅವರಿಗೆ ಹೇಳಲಿಕ್ಕೆ ನಾಲಗೆ ಏಳಲಿಲ್ಲ. ನನ್ನ ನಾಲಗೆ ಎಂಥದು ಎಂದು ನಿನಗೆ ಗೊತ್ತಲ್ಲ, ಆದರೂ ಏಳಲಿಲ್ಲ. ಕೊನೆಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಅರ್ಧ ಏರಿನಲ್ಲಿ ನಿಂತರೆ ಇಳಿಯಬೇಡ ಎಂದು ಬರಿ. ಕಲ್ಲು ಇಡಲಿಕ್ಕೆ ಇಳಿಯಲೇಬಾರದು. ರಿವರ್ಸ್ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು ಮೆಲ್ಲ ಕೆಳಗೆ ಬರಲಿ. ಶೀಟು ಹಾಳಾದರೆ ಹಾಳಾಗಲಿ" ಎಂದರು. ನಿನ್ನ ಅಮ್ಮ ಬುತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿದಳು. ಬಾವಿಕಟ್ಟೆಗೆ ಹೋಗಿ ತೊಳೆದ ಕೊಡಪಾನವನ್ನೇ ಮತ್ತೆ ತೊಳೆದಳು. ಆ ದಿನ ಫ್ಯಾಕ್ಟರಿಗೆ ಹೋಗಲಿಲ್ಲ.

ಅಂದಿನಿಂದ ಅಜ್ಜ ಜಗಲಿ ಬಿಟ್ಟು ಏಳುವುದಿಲ್ಲ. ಏರಿನ ಕಡೆಗೆ ಮುಖ ಮಾಡಿ ಕೂರುತ್ತಾರೆ. ಆಟೋದ ಶಬ್ದ ಕೇಳಿದರೂ "ಮೇಲೆ ಬಂತಾ?" ಎಂದು ಕೇಳುವುದು. ಗಂಜಿ ಎರಡು ಚಮಚ ಇಳಿದರೆ ಅದೇ ಹೆಚ್ಚು. "ಬಂತು, ಅವನು ಸುಖವಾಗಿದ್ದಾನೆ, ಗಂಜಿ ಕುಡಿಯಿರಿ" ಎಂದರೆ ನನ್ನನ್ನು ನಂಬುವುದಿಲ್ಲ. "ನಿನಗೆ ಗಾಡಿಯ ವಿಷಯ ಎಂತ ಗೊತ್ತು? ಅವನೇ ಹೇಳಲಿ" ಎನ್ನುತ್ತಾರೆ. ಒಂದು ದಿನ ಸಾಕಾಗಿ, ಹರಿನಾಥ ಇಲ್ಲ, ನೀವೇ ಕೊಳ್ಳಿ ಇಟ್ಟದ್ದು ಎಂದು ನೆನಪಿಸಿದೆ. ಮೊದಲ ಸಲ ಕೇಳಿದವರ ಹಾಗೆ ಅತ್ತರು ಮಗಾ. ಸಂಜೆಯಾಗುವಷ್ಟರಲ್ಲಿ ಮರೆತು, ಮತ್ತೆ ಏರು ನೋಡುತ್ತಾ ಕೂತರು. ಆ ಸಾವು ಈ ಮನೆಗೆ ಎರಡು ಸಲ ಬಂದ ಹಾಗಾಯಿತು. ಇನ್ನೊಂದು ಸಲ ನಾನು ಅದನ್ನು ಕರೆಯುವುದಿಲ್ಲ.

ನೀನು ಹೊಟ್ಟೆ ತುಂಬ ಉಣ್ಣು. ಕಾಲುಚೀಲ ಒದ್ದೆಯಾದರೆ ಬದಲಿಸು, ಸೋಮಾರಿತನ ಮಾಡಬೇಡ. ನಿನ್ನ ಜೊತೆಗಿರುವ ಹುಡುಗರಿಗೂ ಈ ಮುದುಕಿಯ ಆಶೀರ್ವಾದ ಹೇಳು. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಜ್ಜಿ,
ಅಕ್ಕು

ಮತ್ತೆ ಬರೆದದ್ದು: ಕಾಗದ ಪೋಸ್ಟಿಗೆ ಕೊಂಡುಹೋಗುವ ಆಟೋದವ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಅಜ್ಜನಿಗೆ ಒಂದು ಕಾಗದ ಹಾಕಬೇಕು. "ಅಪ್ಪಾ, ನಾನು ಇಳಿಯಲಿಲ್ಲ. ರಿವರ್ಸಿನಲ್ಲಿ ಕೆಳಗೆ ಬಂದೆ. ಆಮೇಲೆ ಫೋರ್ ವೀಲ್ ಬಿತ್ತು, ಗಾಡಿ ಮೇಲೆ ಹತ್ತಿತು" ಎಂದು ಬರೆದು, ಕೆಳಗೆ ಹರಿನಾಥ ಎಂದು ಹಾಕು. ನಿನಗೆ ಕೈ ಬರಲಿಕ್ಕಿಲ್ಲ, ಗೊತ್ತು. ಆದರೂ ಬರಿ, ಆ ಮನುಷ್ಯ ಹಸಿದಿದ್ದಾರೆ. ನಿನ್ನ ಅಮ್ಮನನ್ನು ಕೇಳಿಯೇ ಹೇಳುತ್ತಿದ್ದೇನೆ. ಅವಳು "ಬರೆಯಲಿ ಅತ್ತೆ, ದಮಯಂತಿ ಹೇಗಿದ್ದಾಳೆ ಎಂದೂ ಅದರಲ್ಲಿ ಒಂದು ಮಾತು ಕೇಳಲಿ" ಎಂದಳು. ಅದನ್ನು ಮರೆಯಬೇಡ. ಹಾಗೆಯೇ "ಅಮ್ಮ ಹೇಗಿದ್ದಾಳೆ?" ಎಂದು ಹರಿನಾಥ ನನ್ನನ್ನೂ ಕೇಳಿದ ಹಾಗೆ ಒಂದು ಗೆರೆ ಸೇರಿಸು. ಓದುವವಳು ನಾನೇ ತಾನೆ.