ಎಂಬತ್ತೇಳನೆಯ ಹಾಳೆ ನಾನು ತಿಂದಿಲ್ಲ

ಗುರುವಾರ, ಮಧ್ಯಾಹ್ನ

ಅಮ್ಮಾ,

ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ಮೈಯೆಲ್ಲ ಉರಿಯುತ್ತಿದೆ. ಬಾಯಲ್ಲಿ ಹಿಡಿದು ಬರೆಯುವ ಲೇಖನಿಗಳಲ್ಲಿ ಎರಡನ್ನು ಸಿಟ್ಟಿಗೆ ಕಚ್ಚಿ ಮುರಿದೆ. ನಿನ್ನ ಮಗಳು ಕಚೇರಿಯ ಕಾಗದ ತಿಂದು ಸಿಕ್ಕಿಬಿದ್ದಳೆಂದು ಸೋದರಮಾವ ಈಗಾಗಲೇ ಡಂಗುರ ಸಾರಿರುತ್ತಾನೆ. ಮೊದಲು ನನ್ನ ಮಾತು ಕೇಳು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ದಾಖಲೆ ಕೋಣೆಯಲ್ಲಿ ಹಳೆಯ ಪುಸ್ತಕಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ, ನಕಲು ತಾತ ಕೇಳಿಕೊಂಡು ಹೊಸ ಪುಸ್ತಕಕ್ಕೆ ಬರೆಯುತ್ತಾರೆ. ಗೊರಸಿನಲ್ಲಿ ಹಾಳೆ ತಿರುಗಿಸಿದರೆ ಹರಿಯುತ್ತದೆ, ಹಾಗಾಗಿ ತುಟಿಯ ತುದಿಯಿಂದ ತಿರುಗಿಸುತ್ತೇನೆ. ಅದು ಎಂಜಲಂತೆ! ದೊಡ್ಡ ಗುಮಾಸ್ತರು ದಿನವಿಡೀ ಹೆಬ್ಬೆರಳು ನೆಕ್ಕಿ ನೆಕ್ಕಿ ಹಾಳೆ ಮಗುಚುತ್ತಾರಲ್ಲ, ಅದೇನು? ಮನುಷ್ಯರ ಉಗುಳು ಪನ್ನೀರು, ಆಡಿನ ಉಗುಳು ಎಂಜಲು.

ಸೋಮವಾರ ದರ್ಜಿ ಅಕ್ಕ ಬಂದಳು. ಗಂಡ ತೀರಿಕೊಂಡ ಮೇಲೆ ಮನೆ ತನ್ನದೆಂದು ಮೈದುನ ತಗಾದೆ ತೆಗೆದಿದ್ದಾನೆ. ಶುಕ್ರವಾರದೊಳಗೆ ದಾಖಲೆ ತೋರಿಸದಿದ್ದರೆ ಹೊಲಿಗೆ ಯಂತ್ರ, ಎರಡು ಮಕ್ಕಳ ಸಮೇತ ಅವಳು ಬೀದಿಗೆ. ಮನೆ ಅವಳ ಹೆಸರಿಗಿರುವುದು ಹನ್ನೊಂದನೆಯ ಪುಸ್ತಕದ ಎಂಬತ್ತೇಳನೆಯ ಹಾಳೆಯಲ್ಲಿ. ತೆಗೆದು ನೋಡಿದರೆ ಎಂಬತ್ತಾರಾದ ಮೇಲೆ ಎಂಬತ್ತೆಂಟು!

ಎಲ್ಲರೂ ನನ್ನ ಬಾಯಿ ನೋಡಿದರು. “ಆಡನ್ನ ಒಳಗಿಟ್ಕೊಂಡು ಕಾಗದ ಎಲ್ಲಿ ಅಂತ ಹುಡುಕ್ತೀರಲ್ರೀ” ಎಂದರು ದೊಡ್ಡ ಗುಮಾಸ್ತರು. ಕಚೇರಿಗೆ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದರ್ಜಿ ಅಕ್ಕ ನಗಲಿಲ್ಲ. ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಳು. ನನಗೆ ಅದೇ ಹೆಚ್ಚು ನೋವಾಯಿತು.

ಆ ಹಾಳೆಯ ನಕಲು ಇನ್ನೂ ಆಗಿರಲಿಲ್ಲ. ಆದರೆ ಮುಂದೆ ಓದಬೇಕಾದದ್ದನ್ನು ಮೊದಲೇ ಒಮ್ಮೆ ಓದಿಕೊಳ್ಳುವುದು ನನ್ನ ಅಭ್ಯಾಸ. ಮೂಡಣಕ್ಕೆ ಬಾವಿ, ಪಡುವಣಕ್ಕೆ ಕಮ್ಮಾರನ ಗೋಡೆ, ಅಗಲ ಹನ್ನೆರಡು ಮೊಳ ಎಂದು ಒಂದಕ್ಷರ ಬಿಡದೆ ಒಪ್ಪಿಸಿದೆ. ಅದರಿಂದ ಏನಾಯಿತು ಗೊತ್ತೇ? “ನೋಡಿ, ಹೊಟ್ಟೇಲಿರೋದು ಮಾತಾಡ್ತಾ ಇದೆ” ಎಂದುಬಿಟ್ಟರು!

ಮಂಗಳವಾರ ನನ್ನ ಬಾಯಿಗೆ ಕುಕ್ಕೆ ಕಟ್ಟಿದರು, ಕರುಗಳಿಗೆ ಕಟ್ಟುವಂಥ ಹಗ್ಗದ ಕುಕ್ಕೆ. ಕಟ್ಟಿಕೊಂಡೇ ಓದಬೇಕಂತೆ. ಆರು ವರ್ಷ ನನ್ನ ದನಿ ಕೇಳಿದ ನಕಲು ತಾತ ತಲೆ ತಗ್ಗಿಸಿ ಮಸಿ ಕಲಕುತ್ತ ಕೂತರು. ಥೂ, ಅವರ ಮೌನಕ್ಕಿಷ್ಟು! ಸಂಜೆ ಇನ್ನೂ ಏನೇನೋ ಮಾತಾಯಿತು, ಅದು ಬೇಡ ಬಿಡು.

ನಿನ್ನೆ ದರ್ಜಿ ಅಕ್ಕ ಮತ್ತೆ ಬಂದು ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ದೊಡ್ಡ ಗುಮಾಸ್ತರಿಗೆ, “ಅಣ್ಣಾ, ನಿಮ್ಮ ಮೇಜಿನ ಕಾಲಡಿ ಏನದು?” ಎಂದಳು. ಮಡಿಸಿದ ಕಾಗದವೊಂದರ ಅಂಚಿನಲ್ಲಿ ಸೂಜಿಯ ತೂತುಗಳ ಸಾಲು. ಹೊಲಿಗೆ ಬಿಚ್ಚಿದ್ದು ಅವಳ ಕಣ್ಣಿಗಲ್ಲದೆ ಇನ್ಯಾರಿಗೆ ಕಾಣಬೇಕು? ಎಳೆದು ಬಿಡಿಸಿದರೆ ಎಂಬತ್ತೇಳು! ಶನಿವಾರ ಪುಸ್ತಕದಿಂದ ಕಳಚಿ ಬಿದ್ದದ್ದನ್ನು ದೊಡ್ಡ ಗುಮಾಸ್ತರೇ ರದ್ದಿಯೆಂದು ನಾಲ್ಕು ಮಡಿಕೆ ಮಾಡಿ, ಅಲ್ಲಾಡುವ ಮೇಜಿಗೆ ಒತ್ತು ಕೊಟ್ಟಿದ್ದರು.

ಈಗ ಯಾರೂ ನಗಲಿಲ್ಲ, ಅಮ್ಮಾ. “ಮನುಷ್ಯ ಅಂದ್ಮೇಲೆ ಮರೆವು ಇರುತ್ತೆ ಬಿಡಿ” ಎಂದು ಎಲ್ಲರೂ ದೊಡ್ಡ ಗುಮಾಸ್ತರನ್ನೇ ಸಮಾಧಾನ ಮಾಡಿದರು. ದರ್ಜಿ ಅಕ್ಕ ನನ್ನ ಕುತ್ತಿಗೆ ತಬ್ಬಿಕೊಂಡು ಅತ್ತಳು. ಅವಳ ಮನೆ ಉಳಿಯಿತು. ದೊಡ್ಡ ಗುಮಾಸ್ತರು ಕುಕ್ಕೆ ಬಿಚ್ಚಿ, “ಆಯ್ತಲ್ಲ, ಇನ್ನು ಓದು” ಎಂದರು, ಅಷ್ಟೇ.

ತಮ್ಮನಿಗೆ ನನ್ನ ನೆನಪು ಹೇಳು.

ಹಲ್ಲು ಕಡಿಯುತ್ತಲೇ ಇರುವ ನಿನ್ನ ಮಗಳು,
ಕರಿಕಿವಿ

ಬರೆಯಬಾರದೆಂದಿದ್ದೆ, ಆಗುತ್ತಿಲ್ಲ: ಮಂಗಳವಾರ ಸಂಜೆ ದೊಡ್ಡ ಗುಮಾಸ್ತರು, “ತಿಂದೆ ಅಂತ ಒಪ್ಕೊಂಡ್ರೆ ಹಾಳೆ ನಾಶವಾಯ್ತು ಅಂತ ಬರ್ದು ನೀನು ಹೇಳಿದ್ದನ್ನೇ ಹೊಸ ಹಾಳೆ ಮಾಡ್ಬಹುದು, ಇಲ್ದಿದ್ರೆ ಅವಳ ಮನೆ ಹೋಗುತ್ತೆ” ಎಂದಿದ್ದರು. ಆ ಮಕ್ಕಳ ಮುಖ ನೆನೆದು ಒಪ್ಪಿಗೆಪತ್ರಕ್ಕೆ ಗೊರಸೊತ್ತಿದೆ. ಇವತ್ತು ಬೆಳಿಗ್ಗೆ, ಅದನ್ನು ಹರಿದುಹಾಕಿ ಎಂದು ಕೇಳಿದೆ. “ಕಡತಕ್ಕೆ ಸೇರಿದ್ದು ಹರಿಯೋ ಹಾಗಿಲ್ಲ, ಇರ್ಲಿ ಬಿಡು” ಎಂದರು. ಇರಲಂತೆ! ನಾಳೆ ನಮ್ಮವರು ಯಾರೇ ಕೆಲಸ ಕೇಳಿ ಬಂದರೂ ಅದನ್ನೇ ಮುಂದೆ ಹಿಡಿಯುತ್ತಾರೆ. ಅವರೆದುರಿಗೇ ಕಡತದಿಂದ ಎಳೆದು, ಅಗಿದು, ನುಂಗಿದೆ. ಹುಟ್ಟಿದಾಗಿನಿಂದ ನಾನು ತಿಂದ ಮೊದಲ ಕಾಗದ. ಬರೀ ಕಹಿ. ಕೆಲಸ ಹೋಯಿತು, ಭಾನುವಾರ ಬರುತ್ತೇನೆ.