ನನ್ನ ಹತ್ತಿರ ಉಳಿದ ದಾಳ

ಕಡಹಿನಬೈಲಿನ ಸುಲೋಚನಮ್ಮನಿಗೆ, ಕಮ್ಮರಡಿಯಿಂದ ಸುಬ್ಬಮ್ಮ ಬರೆದದ್ದು.

ಒಂಬತ್ತು ವರ್ಷ ಮಾತು ಬಿಟ್ಟವಳು ಈಗ ಕ್ಷೇಮವಾ ಅಂತ ಕೇಳಿದರೆ ನಿನಗೆ ನಗು ಬರುತ್ತೆ. ನಗು ಮಾರಾಯ್ತಿ. ಸಿಟ್ಟು ಹಿಡಿದುಕೊಂಡಿರಲೂ ನನಗೀಗ ಸುಸ್ತು.

ಮೊನ್ನೆ ಮೊಮ್ಮಗಳು ಶ್ರೀವಾಣಿ ಜಗುಲಿಯಲ್ಲಿ ಕೂತು ಇಂಗ್ಲಿಷ್ ಉರು ಹೊಡೆಯುತ್ತಿದ್ದಳು. ಡೈಸ್ ಅಂದರೆ ದಾಳವಂತೆ. ಕ್ಯಾರೆಟ್ಟು ಚೌಕ ಚೌಕ ಹೆಚ್ಚುವುದಕ್ಕೂ ಅದೇ ಅಂತೆ. ಕೇಳಿದ್ದು ಆಗಲ್ಲ ಅನ್ನುವುದಕ್ಕೆ 'ನೋ ಡೈಸ್' ಅಂತಾರಂತೆ. "ಆಟ, ಅಡುಗೆ, ಜಗಳ ಮೂರಕ್ಕೂ ಒಂದೇ ಮಾತಾ? ಅವರ ಮನೆಯಲ್ಲಿ ಮಾತಿಗೂ ಬರಗಾಲವೇನೆ?" ಅಂದೆ. "ನಿಂಗೆ ಆಡೋಕೆ ಬರುತ್ತಾ ಅಜ್ಜಿ?" ಅಂದಳು. ಹುಣಸೆಹಣ್ಣಿನ ಭರಣಿಯ ಹಿಂದಿನಿಂದ ಹಿತ್ತಾಳೆ ದಾಳ ತಂದು ತೋರಿಸಿದೆ. "ಒಂದೇ ಇದೆಯಲ್ಲ, ಇನ್ನೊಂದೆಲ್ಲಿ?"

ಇನ್ನೊಂದು ನಿನ್ನ ಹತ್ತಿರ. ನಿಮ್ಮ ಹಜಾರದಲ್ಲಿ ಪಗಡೆ ಹಾಸಿಕೊಂಡು ಕೂತಿದ್ದೆವು. ನನ್ನ ಕೊನೇ ಕಾಯಿ ಹಣ್ಣಾಗಲು ಹನ್ನೆರಡೇ ಬೀಳಬೇಕಿತ್ತು, ಬಿತ್ತು. "ಬೆರಳಲ್ಲಿ ತಿರುಗಿಸಿದೆ ಕಣೆ ಸುಬ್ಬಿ" ಅಂದೆ ನೀನು, ನಿಮ್ಮ ಬೀಗರ ಎದುರಿಗೇ. "ಇಲ್ಲದ್ದು ಕಾಣುವ ಕಣ್ಣು ಹಾಳಾಗಿ ಹೋಗಲಿ" ಅಂತ ನಾನು ಬೈದು, ಕೈಗೆ ಸಿಕ್ಕಿದ ಒಂದು ದಾಳ ಮುಷ್ಟಿಯಲ್ಲಿ ಹಿಡಿದು ಎದ್ದು ಬಂದೆ. ಉಳಿದ ಒಂದನ್ನು ಇಟ್ಟುಕೊಂಡು ನೀನೆಂತ ಆಡಿದೆಯೋ, ನಾನಂತೂ ಆಡಲಿಲ್ಲ.

ಹೋದ ವಾರ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಮಗ ಯಜ್ಞೇಶ ಸಿಕ್ಕಿದ್ದ. "ಅಮ್ಮಂಗೆ ಎರಡೂ ಕಣ್ಣು ಹೋಯ್ತು ಸುಬ್ಬತ್ತೆ. ಆಪರೇಷನ್ ಮಾಡಿದರೂ ಬರಲ್ಲವಂತೆ" ಅಂದ. ನನ್ನ ಬಸ್ಸು ಎದುರಿಗೇ ಬಂದು ನಿಂತು, ಹೊರಟೂ ಹೋಯಿತು. ಹತ್ತಲಿಲ್ಲ.

ಈ ಪತ್ರ ನಿನ್ನ ಸೊಸೆ ಓದುತ್ತಾಳೆ. ಗಟ್ಟಿಯಾಗಿ ಓದಲಿ, ಬೀಗರು ಬಂದಿದ್ದರೆ ಅವರಿಗೂ ಕೇಳಲಿ. ತಿರುಗಿಸಿದ್ದು ಹೌದು. ಕಿರುಬೆರಳಲ್ಲಿ. ನೀನು ಕಂಡದ್ದು ಸರಿಯಾಗಿಯೇ ಕಂಡಿದ್ದೆ.

ಯಜ್ಞೇಶನನ್ನು ಮನೆಗೆ ಕರೆಸಿ, ಈ ಪತ್ರದ ಜೊತೆ ದಾಳವನ್ನೂ ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದೇನೆ. ಚುಕ್ಕಿಗಳು ಗುಳಿಗುಳಿಯಾಗಿ ಕೊರೆದಂಥವು, ಹೆಬ್ಬೆರಳಿಗೆ ಸಿಗುತ್ತವೆ, ಸವರಿ ನೋಡು. ಕರೆದರೆ ಬರುತ್ತೇನೆ. ಬಸ್ಸಿನ ಮೆಟ್ಟಿಲು ಕಂಡರೆ ಮೊಣಕಾಲು ತಕರಾರು ಮಾಡುತ್ತೆ, ಮಾಡಲಿ. ಆದರೆ ದಾಳ ನಾನು ಮುಟ್ಟುವುದಿಲ್ಲ. ನನ್ನ ಆಟವನ್ನೂ ನೀನೇ ಹಾಕು, ಬೆರಳಾಡಿಸಿ ಗರ ಎಷ್ಟು ಅಂತ ಹೇಳು. ನೀನು ಎರಡು ಅಂದರೆ ಎರಡು. ನಾನು ಬಗ್ಗಿ ನೋಡುವುದಿಲ್ಲ.

ದೇವರು ನಿನ್ನ ಬೆರಳುಗಳನ್ನಾದರೂ ಗಟ್ಟಿಯಾಗಿ ಇಟ್ಟಿರಲಿ.

ಇಂತಿ,
ನಿನ್ನ ಕಳ್ಳಿ ಸುಬ್ಬಿ