ಕತ್ತರಿಸಿಟ್ಟ ಉಸಿರು

ಸ್ಟುಡಿಯೋ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಓಡಾಡಿ ಊದಿಕೊಂಡಿದ್ದ ಕಾಲು ಈಗ ವಾಸಿಯೇ? ಭಾವ ಒಂದು ಹೊತ್ತಾದರೂ ಅಡುಗೆ ಮಾಡುತ್ತಾರೋ, ಇನ್ನೂ ಒಲೆ ಕಂಡರೆ ಹಾವು ಕಂಡಂತೆ ಹಾರುತ್ತಾರೋ? ನಾನು ಗಟ್ಟಿಯಾಗಿದ್ದೇನೆ. ಅಪ್ಪನ ವಿಷಯ ಬರೆಯಲೆಂದೇ ಕೂತೆ. ಆದರೆ ಮೊದಲು ನಾವಿಲ್ಲಿ ರೆಕಾರ್ಡ್ ಮಾಡುತ್ತಿರುವ ಈ ಧ್ವನಿನಾಟಕವನ್ನು ಬೈಯದೆ ನನಗೆ ಸಮಾಧಾನವಿಲ್ಲ.

ಹತ್ತು ಸಾವಿರ ವರ್ಷ ಮುಂದಿನ ಕಥೆಯಂತೆ. ಮನುಷ್ಯರು ಮೈ ಕಳಚಿಟ್ಟು, ಸಾವನ್ನು ಗೆದ್ದು, ಗಾಜಿನ ಅರಮನೆಗಳಲ್ಲಿ ಬರೀ ಅರಿವಾಗಿ ಉಳಿದಿದ್ದಾರಂತೆ. ಇಷ್ಟೆಲ್ಲ ಸಾಧಿಸಿ ಮಾಡುವುದೇನು? ಆಕಳಿಕೆ! ತಮ್ಮ ಪರವಾಗಿ ಊಟ ಮಾಡಲು ಒಬ್ಬ ಆಳು, ಅಳಲು ಇನ್ನೊಬ್ಬ. ಬೇಸರವಾದರೆ ಒಂದು ನಕ್ಷತ್ರ ನಂದಿಸಿ ಚಪ್ಪಾಳೆ ತಟ್ಟುತ್ತಾರೆ. ಕೈಯೇ ಇಲ್ಲದವರು ತಟ್ಟುವುದು ಹೇಗೆ ಎಂದು ಕೇಳಿದ್ದಕ್ಕೆ ನಮ್ಮ ನಿರ್ದೇಶಕ ಮಹಾಶಯ, "ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ" ಎಂದ. ಅವನ ತಲೆ! ಕೂತು ತಿನ್ನುವ ಸೋಮಾರಿಗಳನ್ನು ನಾನು ಕಂಡಿಲ್ಲವೇ? ಇವರು ಕೂರುವುದೂ ಇಲ್ಲ, ತಿನ್ನುವುದೂ ಇಲ್ಲ, ಅಷ್ಟೇ ವ್ಯತ್ಯಾಸ.

ಆ ಸೋಮಾರಿಗಳ ಚಕ್ರವರ್ತಿಯ ಪಾತ್ರ ನಮ್ಮ ಅಪ್ಪನದು. ನಲವತ್ತು ವರ್ಷ ರಂಗದ ಮೇಲೆ ಗುಡುಗಿದ ಗಂಟಲಿಗೆ ಇಂಥ ಗತಿ. ಅಮರರು ಉಸಿರಾಡುವುದಿಲ್ಲವಲ್ಲ, ಹಾಗಾಗಿ ಮಾತಿನ ನಡುವಿನ ಉಸಿರನ್ನೆಲ್ಲ ಒಂದೂ ಬಿಡದೆ ಕತ್ತರಿಸುವುದು ನನ್ನ ಕೆಲಸ. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಅಪ್ಪನ ಉಸಿರು ಕತ್ತರಿಸಿ ಪಕ್ಕಕ್ಕಿಡುತ್ತೇನೆ. ಮೊದಲ ಕಂತಿನಲ್ಲಿ ಎಲ್ಲ ಸೇರಿ ನಲವತ್ತು ಸೆಕೆಂಡು. ನಿನ್ನೆ ಮುಗಿಸಿದ ಏಳನೆಯದರಲ್ಲಿ ನಾಲ್ಕು ನಿಮಿಷ! ಒಂದು ವಾಕ್ಯಕ್ಕೆ ಮೂರು ಸಲ ಉಸಿರೆಳೆದುಕೊಳ್ಳುತ್ತಾರೆ, ಕೊನೆಗೆ ಸಣ್ಣಗೆ ಸೀಟಿಯಂಥ ಸದ್ದು. ಏನಿದು ಎಂದು ಅಪ್ಪನನ್ನೇ ಕೇಳಿದರೆ "ಅಭಿನಯ ಕಣೇ, ಚಕ್ರವರ್ತಿಗೆ ವಯಸ್ಸಾಗಿಲ್ವಾ?" ಎಂದು ನಕ್ಕರು. ನಿರ್ದೇಶಕನಿಗೆ ಹೇಳಿದರೆ, "ಹೇಗೂ ನೀವು ಕಟ್ ಮಾಡ್ತೀರಲ್ಲ, ಕೇಳೋರಿಗೆ ಗೊತ್ತಾಗಲ್ಲ" ಎಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಇಂಥವನ ಕೈಕೆಳಗೆ ಕೆಲಸ ಮಾಡುತ್ತೇನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಭಾವನಿಗೆ ನಮಸ್ಕಾರ ಹೇಳು, ನಿನ್ನ ಮಗಳಿಗೆ ನನ್ನ ಹೆಸರಲ್ಲಿ ಎರಡು ಮುತ್ತು.

ನಿನ್ನ ತಂಗಿ,
ಮೊಂಡಿ

ತಾ.ಕ.: ಏಳೂ ಕಂತುಗಳ ಉಸಿರನ್ನು ಒಂದರ ಹಿಂದೆ ಒಂದು ಜೋಡಿಸಿ ಇದರ ಜೊತೆ ಕಳುಹಿಸಿದ್ದೇನೆ. ಮಗಳಾಗಿ ಕೇಳಬೇಡ, ಎದೆರೋಗದ ವಾರ್ಡಿನ ನರ್ಸ್ ಆಗಿ ಕೇಳು. ನಾನು ಹೇಳಿದರೆ ಅಪ್ಪ ಕ್ಯಾರೇ ಅನ್ನುವುದಿಲ್ಲ, ನೀನು ಗದರಿದರೆ ಡಾಕ್ಟರ ಬಳಿ ಬರುತ್ತಾರೆ. ಶನಿವಾರ ಕೊನೆಯ ಕಂತಿನ ರೆಕಾರ್ಡಿಂಗ್, ಅದಕ್ಕೆ ಮೊದಲೇ ಬಾ. ಚಕ್ರವರ್ತಿ ಎರಡು ಪುಟ ಎಲ್ಲೂ ನಿಲ್ಲದೆ ಮಾತಾಡಬೇಕಂತೆ. ಅಪ್ಪ ಮೂರು ದಿನದಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ, ನನಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು.